ವರ್ಧಿಸದ ಪೂರ್ವವರ್ಧಕ

ಮನೆಯಲ್ಲಿ ಸಂಗೀತ ಕೇಳುವವರ ನಡುವೆ ‘ಪ್ಯಾಸಿವ್ ಪ್ರಿ-ಆಂಪ್ಲಿಫೈಯರ್’ ಎಂಬ ಪೆಟ್ಟಿಗೆಯೊಂದು ಬಹುಕಾಲದಿಂದ ಜಗಳಕ್ಕೆ ಕಾರಣವಾಗಿದೆ. ನಿಷ್ಕ್ರಿಯ ಪೂರ್ವವರ್ಧಕವೆಂದು ಅದನ್ನು ಕನ್ನಡಿಸಬಹುದು. ಆದರೆ ಆ ಹೆಸರು ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಅದು ಯಾವುದನ್ನೂ ವರ್ಧಿಸುವುದಿಲ್ಲ. ಮುಚ್ಚಳ ತೆಗೆದು ನೋಡಿದರೆ ಒಳಗಿರುವುದು ಒಂದು ಸ್ವಿಚ್ಚು ಮತ್ತು ತಿರುಗುಗುಂಡಿಗೆ ಜೋಡಿಸಿದ ಒಂದು ರೋಧ, ಅಷ್ಟೆ. ಅದಕ್ಕೆ ವಿದ್ಯುತ್ ಸಂಪರ್ಕವೂ ಬೇಡ. ಇದಕ್ಕಿಂತ ನಿರ್ಮಲವಾದುದಿಲ್ಲವೆಂದು ಕೆಲವರೂ, ಇದು ಶುದ್ಧ ಮೋಸವೆಂದು ಕೆಲವರೂ ವಾದಿಸುವರು. ಪೆಟ್ಟಿಗೆಯ ಹಿಂದೆ ಏನಿದೆ, ಮುಂದೆ ಏನಿದೆ ಎಂಬುದನ್ನು ಇಬ್ಬರೂ ಕೇಳುವುದಿಲ್ಲವೆಂಬುದೇ ನಮ್ಮ ಆಕ್ಷೇಪ.

ಹುನಗುಂದ ಸೀಮೆಯ ರಾಮಥಾಳದ ಹನಿ ನೀರಾವರಿ ಯೋಜನೆಯನ್ನು ವಾಚಕರು ಬಲ್ಲರು. ಸುಮಾರು 24 ಸಾವಿರ ಹೆಕ್ಟೇರ್ ನೆಲಕ್ಕೆ ನಾರಾಯಣಪುರ ಜಲಾಶಯದ ಹಿನ್ನೀರನ್ನು ಪಂಪುಗಳಿಂದ ಎತ್ತಿ ಕೊಳವೆಗಳಲ್ಲಿ ಹರಿಸಲು ಅದನ್ನು ಯೋಜಿಸಿದರು. ಹೊಲದಲ್ಲಿನ ವಾಲ್ವು ನೀರನ್ನು ಎತ್ತುವುದಿಲ್ಲ. ಬಂದ ಒತ್ತಡವನ್ನು ತಗ್ಗಿಸಬಲ್ಲುದು, ಅಷ್ಟೆ. ಹಿಂದಿನ ಒತ್ತಡ ಸಾಕಷ್ಟಿದ್ದರೆ ಹೊಲದಲ್ಲಿ ಮತ್ತೊಂದು ಪಂಪು ದಂಡ. ಒತ್ತಡವೇ ಇಲ್ಲದಿದ್ದರೆ ಎಷ್ಟು ಬೆಲೆಯ ವಾಲ್ವು ಕೂರಿಸಿದರೂ ಹನಿ ಬೀಳದು.

ನೀರಿನ ಒತ್ತಡದಂತೆಯೇ ಇಲ್ಲಿ ವೋಲ್ಟ್. ಸಿ.ಡಿ. ಯಂತ್ರಗಳು ಪೂರ್ಣ ಮಟ್ಟದಲ್ಲಿ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ. ಶಕ್ತಿವರ್ಧಕವು ತನ್ನ ಪೂರ್ಣ ಬಲವನ್ನು ತೋರಿಸಲು ಬೇಡುವುದು ಬಹುಮಟ್ಟಿಗೆ 1ರಿಂದ 1.5 ವೋಲ್ಟ್. ಕೊಡುವುದೇ ಬೇಡುವುದಕ್ಕಿಂತ ಹೆಚ್ಚಾಗಿರುವಾಗ ನಡುವೆ ವರ್ಧನೆಗೆ ಏನು ಕೆಲಸ? ಅಂತಹ ಮನೆಯವರು ತಿಂಗಳ ಸಂಬಳವನ್ನೇ ತೆತ್ತು ದುಬಾರಿ ಪೂರ್ವವರ್ಧಕವನ್ನು ಕೊಳ್ಳಬೇಕೆಂಬ ಉಪದೇಶ ನಮಗೆ ಒಪ್ಪಿಗೆಯಿಲ್ಲ.

ಆದರೆ ಈ ಸರಳ ಪೆಟ್ಟಿಗೆಗೂ ಒಂದು ದೋಷವುಂಟು. ‘ನಿರ್ಮಲ’ ಪಕ್ಷದವರು ಅದನ್ನು ಮರೆಮಾಡುತ್ತಾರೆ. ಗುಂಡಿಯನ್ನು ತಿರುಗಿಸಿದಂತೆ ರೋಧದ ಒಂದು ಪಾಲು ಸಂಕೇತದ ಹಾದಿಗೆ ಅಡ್ಡ ನಿಲ್ಲುತ್ತದೆ. ವೋಲ್ಟ್ ಅರ್ಧಕ್ಕಿಳಿಯುವ ನೆಲೆಯಲ್ಲಿ ಈ ಅಡ್ಡಿ ಅತ್ಯಧಿಕ: ಇಡೀ ರೋಧದ ಕಾಲುಭಾಗ. 100 ಕಿಲೋ ಓಮ್ ರೋಧವಾದರೆ 25 ಕಿಲೋ ಓಮ್. ಮುಂದಿನ ತಂತಿಯಾದರೋ ಪ್ರತಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಧಾರಕತೆಯುಳ್ಳದ್ದು. 5 ಮೀಟರಿಗೆ 500. ಇವೆರಡೂ ಕೂಡಿದಾಗ ಸುಮಾರು 12,700 ಹರ್ಟ್ಸ್ ಆವೃತ್ತಿಯಲ್ಲಿ ವೋಲ್ಟ್ ನೂರಕ್ಕೆ ಎಪ್ಪತ್ತಕ್ಕೆ ಇಳಿಯುತ್ತದೆ. ಭಜನೆಯ ತಾಳದ ಕಿಣಿಕಿಣಿ ಮಂಕಾಗುವುದು ಹೀಗೆ. ಗುಂಡಿ ತಿರುಗಿಸಿದಂತೆಲ್ಲ ನಾದದ ಬಣ್ಣವೂ ಬದಲಾಗುವುದು ಇನ್ನೂ ಕಿರಿಕಿರಿ. 10 ಕಿಲೋ ಓಮ್ ರೋಧವನ್ನಿಟ್ಟರೆ ಅದೇ ತಂತಿಯಲ್ಲಿ ಈ ಮಿತಿ 1,27,000 ಹರ್ಟ್ಸಿಗೆ ಏರುತ್ತದೆ. ಮನುಷ್ಯನ ಕಿವಿಗೆ ಅದರ ಗೊಡವೆಯಿಲ್ಲ. ಹಾಗೆಂದು ಹಳೆಯ ವಾಲ್ವು ಯಂತ್ರದ ಮುಂದೆ 10 ಕಿಲೋ ಓಮ್ ಇಡುವುದು ತರವಲ್ಲ. ಅದರ ಹೊರದಾರಿಯ ಧಾರಕ 0.47 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 34 ಹರ್ಟ್ಸಿನಿಂದ ಕೆಳಗೆ ಮಂದ್ರ ಕ್ಷೀಣಿಸುತ್ತದೆ.

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ಎಲ್.ಪಿ. ತಟ್ಟೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಅವನ್ನು ನುಡಿಸುವ ಚಲಿಸುವ ಅಯಸ್ಕಾಂತದ ಸೂಜಿತಲೆ ಕೊಡುವುದು ಬರಿಯ 5 ಮಿಲಿವೋಲ್ಟಿನಷ್ಟು. ಮೇಲಾಗಿ ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ನುಡಿಸುವಾಗ ಅದನ್ನು ತಿರುಗಿ ಸರಿದೂಗಿಸಬೇಕು. ಈ ಎರಡು ಕೆಲಸಗಳನ್ನು ಬರಿಯ ರೋಧದ ಪೆಟ್ಟಿಗೆ ಮಾಡಲಾರದು. ಕೀರಲು ದನಿ ಕೇಳಿ ‘ತಟ್ಟೆ ಹಾಳಾಗಿದೆ’ ಎಂದು ಅಜ್ಜನ ಸಂಗ್ರಹವನ್ನು ಗುಜರಿಗೆ ಹಾಕುವ ಮುನ್ನ ಫೋನೋ ವರ್ಧಕವೊಂದನ್ನು ನಡುವೆ ಜೋಡಿಸಿ ನೋಡಬೇಕೆಂದು ನಾವು ಒತ್ತಾಯದಿಂದ ಹೇಳುತ್ತೇವೆ. ಅದು ಸುಮಾರು ನೂರುಪಟ್ಟು ವರ್ಧಿಸಿದರೂ ದೊರೆಯುವುದು ಅರ್ಧ ವೋಲ್ಟಿನ ಆಸುಪಾಸು. ಶಕ್ತಿವರ್ಧಕ ಇನ್ನೂ ಹೆಚ್ಚು ಬೇಡಿದರೆ ಅಲ್ಲಿ ನಿಜವಾದ ಪೂರ್ವವರ್ಧಕಕ್ಕೆ ಸ್ಥಾನವುಂಟು. ಉಳಿದವರಿಗೆ 10 ಕಿಲೋ ಓಮಿನ ಒಂದು ಗುಂಡಿಯೂ, ಶಕ್ತಿವರ್ಧಕದ ಪಕ್ಕದಲ್ಲೇ ಅದನ್ನಿಟ್ಟು ಜೋಡಿಸಲು ಒಂದು ಮೀಟರ್ ತಂತಿಯೂ ಸಾಕು.