ಯಾವ ತಾರೀಖಿನಿಂದ? ಯಾವ ತಾರೀಖಿನವರೆಗೆ?

ಗುಮಾಸ್ತರು ಕೆಂಪು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ ಹಾಜರಿ ಪುಸ್ತಕಗಳ ಕಾಲ ಮುಗಿಯಿತು. ಹೋಟೆಲಿನ ಗಲ್ಲೆಯಿಂದ ಹಿಡಿದು ಭವಿಷ್ಯನಿಧಿಯ ಕಚೇರಿಯವರೆಗೆ ಈಗ ಎಲ್ಲವೂ ಗಣಕಯಂತ್ರದಲ್ಲಿದೆ. ನಮ್ಮ ಲೆಕ್ಕ ನೋಡಬೇಕೆಂದರೆ ಆ ಯಂತ್ರ ಮೊದಲು ಕೇಳುವುದು ಎರಡು ತಾರೀಖುಗಳನ್ನು: ಎಂದಿನಿಂದ, ಎಂದಿನವರೆಗೆ? ಆಮೇಲೆ ಜರಡಿ ಹಿಡಿಯುತ್ತದೆ. ಎರಡು ತಾರೀಖುಗಳ ನಡುವೆ ಬಿದ್ದದ್ದು ಪಟ್ಟಿಯಲ್ಲಿ ಬರುತ್ತದೆ. ಬೀಳದ್ದು ಇಲ್ಲವೇ ಇಲ್ಲವೆಂದು ಲೆಕ್ಕ. ಇದು ಗುಮಾಸ್ತಿಕೆಯ ಮಾತು, ತಟ್ಟೆ ತೊಳೆಯುವವನಿಗೂ ಮಗ್ಗ ನಡೆಸಿದವನಿಗೂ ಇದರ ಗೊಡವೆ ಏಕೆ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಅವರ ಪಿಂಚಣಿಯೂ ಸೂರೂ ಇದೇ ಜರಡಿಯ ಮೂಲಕ ಹಾಯ್ದು ಬರಬೇಕಾಗಿದೆ ಎಂಬುದೇ ನಮ್ಮ ಉತ್ತರ.

ಭವಿಷ್ಯನಿಧಿಯನ್ನೇ ನೋಡೋಣ. ಮಾರ್ಚ್ ತಿಂಗಳ ಪಗಾರದಲ್ಲಿ ಹಿಡಿದ ಹಣವನ್ನು ಯಜಮಾನರು ಕಟ್ಟಬೇಕಾದದ್ದು ಏಪ್ರಿಲ್ 15ರೊಳಗೆ. ಹೀಗಾಗಿ ನಿಧಿಯ ಒಂದು ವರ್ಷವೆಂದರೆ ಏಪ್ರಿಲಿನಲ್ಲಿ ಕಟ್ಟಿದ ಮಾರ್ಚ್ ಹಣದಿಂದ ಮುಂದಿನ ಮಾರ್ಚಿನಲ್ಲಿ ಕಟ್ಟಿದ ಫೆಬ್ರವರಿ ಹಣದವರೆಗೆ. ಇದನ್ನರಿಯದೆ ಪಟ್ಟಿ ತೆಗೆದು, ಮಾರ್ಚಿನ ಹಣ ನುಂಗಿದರೆಂದು ಯಜಮಾನರ ಮೇಲೆ ಹರಿಹಾಯುವುದುಂಟು. ನುಂಗುವ ಯಜಮಾನರೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಜಗಳಕ್ಕೆ ಮೊದಲು ಪಗಾರದ ತಿಂಗಳು ಯಾವುದು, ಹಣ ಕಟ್ಟಿದ ದಿನ ಯಾವುದು ಎಂದು ಎರಡನ್ನೂ ಬೇರೆಯಾಗಿ ನೋಡಬೇಕು.

ಕೊನೆಯ ದಿನದ ತಕರಾರೂ ಒಂದಿದೆ. ಗಂಟೆ ನಿಮಿಷಗಳನ್ನೂ ಬರೆದಿಡುವ ಯಂತ್ರಕ್ಕೆ '31ರವರೆಗೆ' ಎಂದರೆ, 31 ಹುಟ್ಟುವ ನಡುರಾತ್ರಿಯವರೆಗೆ ಎಂದು ಅದು ತಿಳಿಯಬಹುದು. ಆಗ 31ರಂದು ದುಡಿದ ಹೆಚ್ಚಿನ ಗಂಟೆಗಳೆಲ್ಲ ಜರಡಿಯ ಹೊರಗೆ.

ಇವು ಒಂದು ದಿನದ, ಒಂದು ತಿಂಗಳ ಮಾತು. ಇಡೀ ದುಡಿಮೆಯನ್ನೇ ಜಾರಿಸಿಬಿಡುವ ದೋಷ ಬೇರೆ. ಕೆಲಸಗಾರನ ಸೇವೆಗೆ ತನ್ನದೇ ಎರಡು ತಾರೀಖುಗಳಿವೆ: ಸೇರಿದ ದಿನ, ಬಿಟ್ಟ ದಿನ. 'ಈ ಅವಧಿಯಲ್ಲಿ ಯಾರು ಯಾರು ದುಡಿದರು?' ಎಂದು ಕೇಳಿದರೆ, 'ಈ ಅವಧಿಯಲ್ಲಿ ಯಾರು ಸೇರಿದರು?' ಎಂದು ಹುಡುಕುವುದು ಅವಸರದ ಗುಮಾಸ್ತಿಕೆ. ಮೊದಲೇ ಸೇರಿ ಆ ಅವಧಿಯುದ್ದಕ್ಕೂ ಬೆವರು ಸುರಿಸಿದ ಹಿರಿಯ ಕೆಲಸಗಾರನ ಹೆಸರೇ ಆಗ ಮಾಯ! ಕೇಳಬೇಕಾದದ್ದು ಹೀಗೆ: ಅವಧಿ ಮುಗಿಯುವುದರೊಳಗೆ ಅವನು ಸೇರಿದ್ದನೆ? ಅವಧಿ ತೊಡಗುವ ಮೊದಲೇ ಬಿಟ್ಟುಹೋಗದೆ ಇದ್ದನೆ? ಎರಡಕ್ಕೂ ಹೌದೆಂದರೆ ಅವನು ಪಟ್ಟಿಯಲ್ಲಿರಬೇಕು. ಬಿಟ್ಟ ದಿನದ ಕಾಲಂ ಖಾಲಿಯಿದ್ದರೆ ಅದನ್ನು ಬೇರೆಯಾಗಿ ಎತ್ತಿಡುವಂತೆ ಯಂತ್ರಕ್ಕೆ ಹೇಳಿರಬೇಕು. ಇಲ್ಲವಾದರೆ ಖಾಲಿಯನ್ನು ತಾರೀಖಿನೊಂದಿಗೆ ಹೋಲಿಸಲಾರದೆ ಅದು ಆ ಹೆಸರನ್ನೇ ಕೈಬಿಡುತ್ತದೆ.

ಮುಂಬಯಿಯ ಗಿರಣಿ ಕಾರ್ಮಿಕರಿಗೆ ಇದು ಬರಿಯ ತರ್ಕವಲ್ಲ. ಗಿರಣಿಗಳ ಜಾಗದಲ್ಲಿ ಕಟ್ಟಿದ ಮನೆಗಳಿಗೆ ಅರ್ಹತೆಯ ಗೆರೆ ಎಳೆದದ್ದು 1982ರ ಜನವರಿ 1ಕ್ಕೆ. ಅಂದು ಅಥವಾ ಆಮೇಲೆ ಹಾಜರಿಪಟ್ಟಿಯಲ್ಲಿದ್ದವರು ಅರ್ಹರು. ಹದಿನೇಳು ದಿನ ಕಳೆದು, ಜನವರಿ 18ರಂದು, ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಲಾಯಿತು. ಸುಮಾರು ಎರಡೂವರೆ ಲಕ್ಷ ಜನ ಹೊರಬಂದರು. ಆ ಮುಷ್ಕರವನ್ನು ವಿಧಿವತ್ತಾಗಿ ಹಿಂತೆಗೆದುಕೊಂಡದ್ದೇ ಇಲ್ಲ. ಚಾಳಿನ ಖೋಲಿಗೆ ಬೀಗ ಹಾಕಿ ಊರಿಗೆ ಹೋಗಿ ಅಲ್ಲಿಯೇ ಉಳಿದವನು ಕೆಲಸ ಬಿಟ್ಟ ದಿನ ಯಾವುದು? ಮುಷ್ಕರ ಹೂಡಿದ ದಿನವೆ? ಗಿರಣಿ ಮುಚ್ಚಿದ ದಿನವೆ? ಬದಲಿಯಾಗಿ ದುಡಿದವನ ಗತಿಯೇನು? ಇಂಥವರನ್ನು ಸೇರಿದ ದಿನ ಹಿಡಿದು ಜರಡಿಯಾಡಿದರೆ, 1960ರಲ್ಲಿ ಗಿರಣಿ ಸೇರಿದವನು ಮೊದಲು ಉದುರುತ್ತಾನೆ. ಬಿಟ್ಟ ದಿನ ಹಿಡಿದು ಆಡಿದರೆ ಕಾಲಂ ಖಾಲಿಯಿರುವವನು ಉದುರುತ್ತಾನೆ. 2012, 2016, 2020ರಲ್ಲಿ ಮನೆಗಳಿಗೆ ಚೀಟಿ ಎತ್ತಿದರು. ಪಟ್ಟಿಯಲ್ಲಿ ಹೆಸರಿದ್ದವನಿಗೆ ಮಾತ್ರ ಅದೃಷ್ಟದ ಪ್ರಶ್ನೆ. ಹೀಗೇ ಆಯಿತೆಂದು ಯಾವ ಕಚೇರಿಯ ಮೇಲೂ ನಾವು ದೂರು ಹೊರಿಸುತ್ತಿಲ್ಲ. ಪಟ್ಟಿ ಮಾಡುವವರು ಯಾವುದೇ ಕಚೇರಿಯವರಿರಲಿ, ಯಾವ ತಾರೀಖಿನ ಮೇಲೆ ಜರಡಿ ಹಿಡಿದರು, ಕೊನೆಯ ದಿನ ಸೇರಿತೆ ಇಲ್ಲವೆ, ತಾರೀಖಿಲ್ಲದ ಎಷ್ಟು ಹೆಸರುಗಳನ್ನು ಬಿಟ್ಟರು ಎಂಬ ಮೂರು ಸಾಲುಗಳನ್ನು ತಲೆಯಲ್ಲೇ ಮುದ್ರಿಸಲಿ ಎಂಬುದು ನಮ್ಮ ಬೇಡಿಕೆ.

ಹೋಟೆಲಿನ ತರುಣರ ತೊಂದರೆ ಇನ್ನೊಂದು ಬಗೆಯದು. 1995ರ ನವೆಂಬರ್ 16ರಿಂದ ಬಂದ ಪಿಂಚಣಿ ಯೋಜನೆಯಲ್ಲಿ 10 ವರ್ಷಗಳ ಸೇವೆ ಬೇಕು; ಆರು ತಿಂಗಳು ಅಥವಾ ಮೇಲ್ಪಟ್ಟ ತುಂಡನ್ನು ಪೂರ್ತಿ ವರ್ಷವೆಂದು ಎಣಿಸುತ್ತಾರೆ. ಎಂದರೆ 9 ವರ್ಷ 6 ತಿಂಗಳಾದವನಿಗೆ ಪಿಂಚಣಿಯುಂಟು, 9 ವರ್ಷ 5 ತಿಂಗಳಾದವನಿಗೆ ಇಲ್ಲ. ನಾಲ್ಕು ಹೋಟೆಲು ಬದಲಿಸಿದವನಿಗೆ ನಾಲ್ಕು ಸೇರಿದ ದಿನ, ನಾಲ್ಕು ಬಿಟ್ಟ ದಿನ. ಹಳೆಯ ಯಜಮಾನರು ಬಿಟ್ಟ ದಿನವನ್ನು ನಮೂದಿಸದೆ ಹೋದರೆ ಹಣ ವರ್ಗಾಯಿಸಲೂ ಅಡ್ಡಿ. ಕೊನೆಯ ಕಂತು ಸಂದು ಎರಡು ತಿಂಗಳಾದ ಮೇಲೆ ಆ ದಿನವನ್ನು ಕೆಲಸಗಾರನೇ ನಮೂದಿಸಬಹುದಾಗಿದೆ. ಈ ಸವಲತ್ತು ನಮ್ಮ ಎಷ್ಟೋ ಮಂದಿಗೆ ಗೊತ್ತಿಲ್ಲ. ಮೊದಲ ಹೋಟೆಲು ಬಿಡುವ ಮುನ್ನವೇ ಎರಡನೆಯದಕ್ಕೆ ಸೇರಿದಂತೆ ದಾಖಲೆ ತೋರಿಸಿದರೆ ಅದನ್ನೂ ತಿದ್ದಿಸಿಕೊಳ್ಳಬೇಕು.

ಭವಿಷ್ಯನಿಧಿಯ ಪಾಸ್‌ಬುಕ್ಕಿನ ಪ್ರತಿ, ಪಗಾರದ ಚೀಟಿ, ಹಳೆಯ ಗೇಟ್‌ಪಾಸ್, ಇ.ಎಸ್.ಐ. ಕಾರ್ಡು, ಇವುಗಳಲ್ಲಿ ಯಾವುದಿದ್ದರೂ ಸರಿ, ನಮ್ಮವರು ರಜೆಯ ದಿನ ಸಂಘದ ಕಚೇರಿಗೆ ತರಲಿ. ಊರಿನಲ್ಲಿರುವ ಹಿರಿಯರ ಟ್ರಂಕಿನ ತಳದಲ್ಲಿ ಗಿರಣಿಯ ಒಂದು ಹಾಳೆ ಉಳಿದಿದ್ದರೆ ಅದನ್ನೂ ತರಿಸಿಕೊಳ್ಳಲಿ. ಕೂತು ತಾರೀಖುಗಳನ್ನು ಒಂದೊಂದಾಗಿ ತಾಳೆ ನೋಡೋಣ.