ಪಂಚಮಿಗೊಂದು ಸೂಟಿ ಬೇಕು

ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ಯಾವುದೆಂದು ಕೇಳಿ, ದೀಪಾವಳಿಗಿಂತ ಮೊದಲು ನಾಗರಪಂಚಮಿಯ ಹೆಸರು ಬರುತ್ತದೆ. ಶ್ರಾವಣ ಹುಟ್ಟಿತೆಂದರೆ ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಮನೆಗಳಲ್ಲಿ ಶೇಂಗಾ ಹುರಿಯುವ ಘಮ ಏಳುತ್ತದೆ. ಇಷ್ಟು ದೊಡ್ಡ ಹಬ್ಬ ಸರ್ಕಾರದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಇಲ್ಲ.

ಮೊದಲ ದಿನ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ತೆಳ್ಳಗೆ ತಟ್ಟಿದ ಜೋಳದ ಕಟಕ ರೊಟ್ಟಿ, ಮಡಕಿಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ. ಎಲ್ಲವನ್ನೂ ಪರಾತದಲ್ಲಿ ಜೋಡಿಸಿಕೊಂಡು ಓಣಿಯ ಮನೆಮನೆಗೂ ಹಂಚುತ್ತಾರೆ, ಅವರ ಮನೆಯದ್ದು ಇವರ ಮನೆಗೆ ಬರುತ್ತದೆ. ಮರುದಿನ ಚೌತಿ. ಮಣ್ಣಿನ ನಾಗಪ್ಪನ ಮುಂದೆ ಮನೆಮಂದಿ ಕೂತು ಕೊಬ್ಬರಿ ಬಟ್ಟಲಿನಿಂದ ಹಾಲೆರೆಯುವಾಗ ಒಬ್ಬೊಬ್ಬರ ಹೆಸರಲ್ಲೂ ಎರೆಯುತ್ತಾರೆ: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಕ್ಕನ ಪಾಲು. ಊರಿಗೆ ಬರಲಾಗದ ಮಗಳ ಪಾಲನ್ನೂ ಯಾರಾದರೊಬ್ಬರು ಎರೆದೇ ಎರೆಯುತ್ತಾರೆ. ಆ ಹೊತ್ತಿಗೆ ಅವ್ವನ ದನಿ ಸಣ್ಣಗಾಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಪಂಚಮಿಯ ದಿನ ಉಂಡಿ, ಅಳ್ಳು, ಜೋಕಾಲಿ; ಆ ಸಡಗರವನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಿಂದೆ ಗಂಡನ ಮನೆಯಲ್ಲಿದ್ದ ತಂಗಿ ಕರೆಯಲು ಬರುವ ಅಣ್ಣನ ದಾರಿ ಕಾಯುತ್ತಿದ್ದಳು. ಈಗ ಅಣ್ಣ ಮೊಬೈಲಿನಲ್ಲೇ ಕರೆಯುತ್ತಾನೆ. ಬಸ್ಸಿನ ಚಿಂತೆಯೂ ತಗ್ಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸುಗಳಲ್ಲಿ, ಐಷಾರಾಮಿ ಬಸ್ಸುಗಳನ್ನು ಬಿಟ್ಟು, ಪುಕ್ಕಟೆ ಪ್ರಯಾಣವಿದೆ. ಇಷ್ಟಾದರೂ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುವ ಮಗಳು ಅಣ್ಣನಿಗೆ ಹೇಳುವುದು ಒಂದೇ ಮಾತು: "ಸೂಟಿ ಕೊಡವೊಲ್ರು ಅಣ್ಣಾ."

ಹಾಗೆ ನೋಡಿದರೆ ಕಾಯಿದೆಯಲ್ಲಿ ದಾರಿ ಇದೆ. ಕರ್ನಾಟಕದ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ 1963ರದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ದಿನ ಸಂಬಳ ಸಹಿತ ರಜೆ ಕೊಡಲೇಬೇಕು. ಇವುಗಳ ಜತೆಗೆ ಇನ್ನೂ ಐದು ಹಬ್ಬದ ರಜೆಗಳಿವೆ. ಅವು ಯಾವುವೆಂದು ಮಾಲೀಕರ ಜತೆಗೆ ಕೆಲಸಗಾರರನ್ನೂ ಕೇಳಿ ಗೊತ್ತುಮಾಡಬೇಕು. ಗಾರ್ಮೆಂಟ್ಸಿನಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರ ಅಭಿಪ್ರಾಯವನ್ನು ನಿಜವಾಗಿ ಕೇಳಿದರೆ, ಉತ್ತರದ ಜಿಲ್ಲೆಗಳವರು ಹೆಚ್ಚಿರುವ ಕಡೆಯಲ್ಲಾದರೂ ಪಂಚಮಿಯ ಹೆಸರು ಆ ಐದರಲ್ಲಿ ಬಂದೇ ಬರುತ್ತದೆ ಎಂದು ನನ್ನ ನಂಬಿಕೆ. ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಬಂದು ಬೆಂಗಳೂರಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರ ಪಾಡು ಇನ್ನೂ ಕಷ್ಟ. ದಿನಗೂಲಿಯವರು ಊರಿಗೆ ಹೋದಷ್ಟು ದಿನದ ಕೂಲಿ ಹೋಯಿತೆಂದೇ ಲೆಕ್ಕ. ಅವರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಒಂದು ದಿನದ ಸೂಟಿಯಲ್ಲಿ ಊರಿಗೆ ಹೋಗಿ ಬರುವುದಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ವಿಜಯಪುರ ಬೆಂಗಳೂರಿನಿಂದ ಐನೂರು ಕಿಲೋಮೀಟರಿಗೂ ದೂರ, ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಪಂಚಮಿ ಆಗಾಗ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲೇ ಬೀಳುವುದರಿಂದ ಎರಡನ್ನೂ ಕೂಡಿಸಿಕೊಳ್ಳಲು ಬರುತ್ತದೆ. 2018ರಲ್ಲಂತೂ ಎರಡೂ ಒಂದೇ ದಿನ ಬಂದಿದ್ದವು, ಹಳ್ಳಿ ಮಕ್ಕಳಿಗೆ ಬೆಳಿಗ್ಗೆ ಧ್ವಜವಂದನೆ, ಮಧ್ಯಾಹ್ನ ಜೋಕಾಲಿ.

2026ರ ಕ್ಯಾಲೆಂಡರ್ ತೆರೆದು ನೋಡಿ. ಆಗಸ್ಟ್ 15 ಶನಿವಾರ, ಅಂದೇ ರೊಟ್ಟಿ ಹಬ್ಬ. ಭಾನುವಾರ ಚೌತಿ. ಸೋಮವಾರ, 17ರಂದು ಪಂಚಮಿ. ಮೊದಲೆರಡು ದಿನ ಹೇಗೂ ಸೂಟಿ, ಬೇಕಿರುವುದು ಆ ಸೋಮವಾರ ಮಾತ್ರ. ಹಬ್ಬದ ರಜೆಗಳ ಪಟ್ಟಿ ಆಗಲೇ ಆಗಿಹೋಗಿದ್ದರೆ ಇನ್ನೊಂದು ಭಾನುವಾರ ದುಡಿದು ಸರಿದೂಗಿಸುತ್ತೇವೆ ಎಂದು ಸಂಘದವರು ಈಗಲೇ ಆಡಳಿತದ ಮುಂದೆ ಅರ್ಜಿ ಇಡಲಿ. ಶುಕ್ರವಾರ ರಾತ್ರಿ ಬಸ್ ಹತ್ತಿದವಳು ಶನಿವಾರ ಮುಂಜಾನೆ ಅವ್ವನ ಪಕ್ಕ ಕೂತು ರೊಟ್ಟಿ ಬಡಿಯಬಹುದು.