ಆದಿತ್ಯವಾರದ ಹಿಡಿಸೂಡಿ, ಸೋಮವಾರದ ಗೋಣಿ

ಆದಿತ್ಯವಾರ ಬೆಳಿಗ್ಗೆ ಮಲ್ಪೆ ಬಸ್ಸಿನಲ್ಲಿ ಕೈಗವಸು, ಟೊಪ್ಪಿ ಹಾಕಿಕೊಂಡ ಹುಡುಗರು ಕಂಡರೆ ಎಲ್ಲಿಗೆ ಎಂದು ಕೇಳಬೇಕಾಗಿಲ್ಲ. ಬೀಚ್ ಕ್ಲೀನಿಂಗ್‌ಗೆ. ಒಂದು ವಾರ ಯುವಕ ಮಂಡಲ, ಮತ್ತೊಂದು ವಾರ ಕಾಲೇಜಿನ ಎನ್ನೆಸ್ಸೆಸ್, ಇನ್ನೊಂದು ವಾರ ಯಾವುದೋ ಬ್ಯಾಂಕಿನವರು. ಕಾಪು, ಪಡುಬಿದ್ರಿ, ಕುಂದಾಪುರದ ಕೋಡಿ, ಎಲ್ಲಿ ಹೋದರೂ ಇದೇ ಸುದ್ದಿ. "ಫೋಟೋಕ್ಕೆ ಬಂದದ್ದು ಮಾರಾಯ್ರೆ" ಎಂದು ನಗುವವರೂ ಇದ್ದಾರೆ. ನಗಬೇಡಿ. ಯಾರೋ ಕುಡಿದು ಬಿಸಾಡಿದ ಬಾಟ್ಲಿಯನ್ನು ಬೆನ್ನು ಬಗ್ಗಿಸಿ ಹೆಕ್ಕುವುದು ಸುಲಭದ ಕೆಲಸವಲ್ಲ. ನಗುವವರು ಒಂದು ಸಲ ಹೋಗಿ ನೋಡಲಿ.

ನಮ್ಮ ತಕರಾರು ಆದಿತ್ಯವಾರದ ಮೇಲಲ್ಲ, ಸೋಮವಾರದ ಮೇಲೆ.

ನಮ್ಮ ಕಣ್ಣಾರೆ ಕಂಡದ್ದು ಹೇಳುತ್ತೇವೆ, ಊರಿನ ಹೆಸರು ಬೇಡ. ಆದಿತ್ಯವಾರ ಹೆಕ್ಕಿ, ಬಾಯಿ ಕಟ್ಟಿ, ಸಾಲಾಗಿ ಇಟ್ಟ ಗೋಣಿಚೀಲಗಳು ಗುರುವಾರ ಸಂಜೆಗೂ ಅಲ್ಲೇ ಇದ್ದವು. ನಾಯಿಗಳು ನಾಲ್ಕನ್ನು ಹರಿದಿದ್ದವು. ಉಳಿದ ಕೆಲಸವನ್ನು ಗಾಳಿ ಮಾಡುತ್ತಿತ್ತು. ಪಂಚಾಯತಿನಲ್ಲಿ ಕೇಳಿದರೆ, "ಕ್ಲೀನ್ ಮಾಡ್ತೇವೆ ಅಂತ ನಮಗೆ ಯಾರೂ ಹೇಳ್ಲಿಲ್ಲ." ಸಂಘದವರನ್ನು ಕೇಳಿದರೆ, "ಎತ್ತಿಕೊಂಡು ಹೋಗುವುದು ಅವರ ಕೆಲಸ ಅಲ್ವಾ?" ಇಬ್ಬರೂ ಸುಳ್ಳು ಹೇಳಲಿಲ್ಲ. ಕಸ ಮಾತ್ರ ಪುನಃ ಮರಳಿಗೆ ಬಂತು.

ಹಾಗಂತ ಎತ್ತಿದ ಕಸ ಹೋಗುವುದಕ್ಕೆ ಜಾಗವೇ ಇಲ್ಲವೆಂದಲ್ಲ. ಹಸಿ, ಒಣ ಬೇರೆ ಮಾಡಿ ಕಸವನ್ನೇ ಕಾಸು ಮಾಡಬಹುದೆಂದು ವಂಡ್ಸೆಯಂಥ ಸಣ್ಣ ಪಂಚಾಯತಿ ಎಂದೋ ತೋರಿಸಿಕೊಟ್ಟಿದೆ. ಕಾರ್ಕಳದ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಘಟಕ 2021ರಲ್ಲಿ ಬಂತು. ಕಷ್ಟ ಏನೆಂದರೆ, ಕಡಲ ಬದಿಯ ಕಸ ಅಂಗಡಿಯ ರದ್ದಿಯ ಹಾಗೆ ಒಣಗಿ ಕೂತಿರುವುದಿಲ್ಲ. ಮರಳು, ಉಪ್ಪು, ಹರಿದ ಬಲೆ, ಒಂಟಿ ಚಪ್ಪಲಿ, ಡಯಾಪರ್ ಎಲ್ಲ ಒಂದೇ ಗಂಟು. ಅದನ್ನು ಹಾಗೇ ಗೋಣಿಗೆ ತುಂಬಿದರೆ ವಿಂಗಡಿಸುವ ಹೆಂಗಸರಿಗೆ ಎರಡು ಪಟ್ಟು ಕೆಲಸ. ಹೆಕ್ಕುವಾಗಲೇ ಬಾಟ್ಲಿ ಒಂದು ಕಡೆ, ಬಲೆ ಒಂದು ಕಡೆ, ಗಾಜು ಒಂದು ಕಡೆ ಹಾಕಬೇಕು. ಗಾಡಿ ಎಷ್ಟು ಗಂಟೆಗೆ ಬರುತ್ತದೆಂದು ಶನಿವಾರವೇ ಫೋನ್ ಮಾಡಿ ಕೇಳಿಕೊಳ್ಳಬೇಕು. ಗಾಡಿ ಗೊತ್ತಾಗದೆ ಹಿಡಿಸೂಡಿ ಎತ್ತಬಾರದು.

ಇನ್ನು, ಈ ಕಸ ಬರುವುದೆಲ್ಲಿಂದ? ಬೆಂಗಳೂರಿನ ಟೂರಿಸ್ಟ್ ಬಸ್ಸಿನವರ ತಲೆಗೆ ಕಟ್ಟುವುದು ಸುಲಭ. ಅವರ ಪಾಲು ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಮಣಿಪಾಲಕ್ಕೆ ಹೋಗುವ ಬಸ್ಸು ಕಲ್ಸಂಕದಲ್ಲಿ ನಿಂತಾಗ ಒಮ್ಮೆ ಕಿಟಕಿಯಿಂದ ಕೆಳಗೆ ನೋಡಿ. ಆ ತೋಡು ಇಂದ್ರಾಣಿ ಹೊಳೆಯ ದಾರಿ. ಪೇಟೆ ದಾಟಿ ನಿಟ್ಟೂರು, ಕೊಡವೂರು, ಕಲ್ಮಾಡಿ ಬಳಸಿ ಮಲ್ಪೆಯ ಕಡೆಗೇ ಹೋಗುತ್ತದೆ. ಒಳಚರಂಡಿ ನೀರು ಅದಕ್ಕೆ ಸೇರಿ ಬಾವಿ ಹಾಳಾಯಿತೆಂದು ಆ ಭಾಗದವರು ಕೂಗುವುದು ಇಂದು ನಿನ್ನೆಯದಲ್ಲ. ಪೇಟೆಯಲ್ಲಿ ನಾವು ಚರಂಡಿಗೆ ಎಸೆದ ತೊಟ್ಟೆ, ಗುಟ್ಕಾ ಚೀಟಿ, ಲೋಟ ಎಲ್ಲ ಬೇಸಿಗೆಯಲ್ಲಿ ತೋಡಿನಲ್ಲೇ ಕಾದು ಕೂತಿರುತ್ತವೆ. ಜೂನಿನಲ್ಲಿ ಒಂದು ಜೋರು ಮಳೆ ಬಂತೋ, ಒಟ್ಟಿಗೆ ಹೊರಟವು ಕಡಲಿಗೆ. ಕಡಲಾದರೂ ಎಷ್ಟೆಂದು ನುಂಗುತ್ತದೆ? ಆಟಿಯ ತೆರೆಗಳು ಅರ್ಧವನ್ನು ಮರಳಿಗೇ ವಾಪಸು ತಂದು ಹಾಕುತ್ತವೆ. ಉಳಿದರ್ಧ ಮೀನಿನವರ ಬಲೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗೆ ರಜೆ. ಆ 61 ದಿನ ಕಡಲಿಗಿಳಿಯುವ ನಾಡದೋಣಿಯವರನ್ನು ಕೇಳಿ ನೋಡಿ, ಬಲೆಯಲ್ಲಿ ಬಂಗುಡೆಯ ಜೊತೆ ಏನೇನು ಬರುತ್ತದೆಂದು ಹೇಳಿಯಾರು. ಅದನ್ನು ಬಿಡಿಸುವುದರಲ್ಲೇ ಅವರ ಒಂದು ಹೊತ್ತು ಹೋಗುತ್ತದೆ. ಹರಿದ ಬಲೆಗೆ ದುಡ್ಡು ಕೊಡುವವರಿಲ್ಲ.

ನಮ್ಮಲ್ಲಿ ಕಡಲತೀರ ಶುಚಿಗೊಳಿಸುವ ದೊಡ್ಡ ಹಬ್ಬ ನಡೆಯುವುದು ಸೆಪ್ಟೆಂಬರಿನ ಮೂರನೇ ಶನಿವಾರ, ಲೋಕಕ್ಕೆಲ್ಲ ಅದೇ ದಿನ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕರೆಯಲ್ಲಿ ಶುರುವಾದ ಪದ್ಧತಿ. ಒಳ್ಳೆಯದೇ. ಆದರೆ ಸೆಪ್ಟೆಂಬರ್ ಎಂದರೆ ನಮಗೆ ಮಳೆ ಎಲ್ಲ ಕೆಲಸ ಮುಗಿಸಿದ ಮೇಲಿನ ಕಾಲ. ಈ ಊರಿಗೆ ಬೇಕಾದ್ದು ಮೇ ತಿಂಗಳ ದಿನ. ಅದೂ ಮರಳಿನ ಮೇಲಲ್ಲ, ತೋಡಿನೊಳಗೆ. ಮೊದಲ ಮಳೆಗೆ ಮುಂಚೆ ಕಲ್ಸಂಕದಿಂದ ಕೆಳಗೆ ಒಂದೊಂದು ಸಂಘ ಒಂದೊಂದು ಫರ್ಲಾಂಗು ಹಂಚಿಕೊಂಡು ಒಣ ಕಸ ಎತ್ತಿದರೆ, ತೋಡು ಕಡಲಿಗೆ ಸೇರುವ ಮೊದಲು ಅಡ್ಡಕ್ಕೆ ಒಂದು ಹಳೇ ಬಲೆ ಕಟ್ಟಿ ನಗರಸಭೆ ಅದನ್ನು ದಿನಾ ಖಾಲಿ ಮಾಡಿಸಿದರೆ, ಸೆಪ್ಟೆಂಬರಿನಲ್ಲಿ ಹೆಕ್ಕಲು ಇಷ್ಟು ಸಿಕ್ಕದು. ಅಲ್ಲಿ ವಾಸನೆ ಉಂಟು, ಫೋಟೋ ಚಂದ ಬರುವುದಿಲ್ಲ. ಬಹುಶಃ ಅದೇ ತೊಂದರೆ.

ಚೊಕ್ಕ ಮಾಡುವ ಮಾತು ಬಂದಾಗ ಮತ್ತೊಂದು ಹೇಳಬೇಕು. 2020ರ ಅಕ್ಟೋಬರಿನಲ್ಲಿ ನಮ್ಮ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಬ್ಲೂ ಫ್ಲ್ಯಾಗ್ ಬಂತು. ದೇಶದಲ್ಲಿ ಆ ಸಲ ಬಂದದ್ದು 8 ತೀರಗಳಿಗೆ. ಹೆಮ್ಮೆ ಪಡುವಂಥದ್ದೇ. ಬಾವುಟಕ್ಕೆ 33 ಷರತ್ತು. ಕಸ ಇಲ್ಲದಿದ್ದರೆ ಮಾತ್ರ ಸಾಲದು, ನೀರಿನ ಪರೀಕ್ಷೆ, ಶೌಚಾಲಯ, ಜೀವರಕ್ಷಕರು, ಅಂಗವಿಕಲರಿಗೆ ದಾರಿ, ಎಲ್ಲ ಬೇಕು. ಒಮ್ಮೆ ಕೊಟ್ಟರೆ ಶಾಶ್ವತವೂ ಅಲ್ಲ, ಮತ್ತೆ ಮತ್ತೆ ಪರೀಕ್ಷೆ. ಇದನ್ನು ನೋಡಿ ಕಲಿಯಬೇಕಾದ್ದು ಉಂಟು. ಮಲ್ಪೆಗೆ 2016ರಲ್ಲಿ ವೈಫೈ ಬಂತು, 2022ರಲ್ಲಿ ತೇಲುವ ಸೇತುವೆ ಬಂತು, ಬಂದ ಕೆಲವೇ ದಿನಕ್ಕೆ ಅಲೆ ಅದನ್ನು ಬಿಚ್ಚಿ ಹಾಕಿತು. ಮೊಮ್ಮಗುವನ್ನು ಕರೆದುಕೊಂಡು ಬಂದ ಅಜ್ಜಿಗೆ ವೈಫೈಗಿಂತ ಚಿಲಕ ಇರುವ ಒಂದು ಶೌಚಾಲಯ, ಬಿಸಿಲಿಗೆ ಕೂರಲು ಒಂದು ಮಾಡು ಬೇಕು.

ಆದರೆ ಚೊಕ್ಕ ಎಂದರೆ ಖಾಲಿ ಎಂದರ್ಥವಲ್ಲ. ಒಣಗಲು ಹಾಕಿದ ಬಲೆ, ಮೇಲೆಳೆದಿಟ್ಟ ದೋಣಿ, ಹರವಿದ ಮೀನು ಇವೆಲ್ಲ ಕಸ ಅಲ್ಲ ಸ್ವಾಮಿ. ಟೂರಿಸ್ಟಿಗೆ ಅದು ಬೀಚು, ಮೊಗವೀರರಿಗೆ ಅದು ಅಂಗಳ. ಉತ್ಸಾಹದ ಹುಡುಗರು ಕೆಲವೊಮ್ಮೆ ಮರಳ ಮೇಲೆ ಹಬ್ಬಿದ ನೇರಳೆ ಹೂವಿನ ಬಳ್ಳಿಯನ್ನೂ ಕಿತ್ತು ಗುಡ್ಡೆ ಹಾಕುತ್ತಾರೆ. ಮರಳು ಹಾರದ ಹಾಗೆ ಹಿಡಿದಿಡುವುದೇ ಆ ಬಳ್ಳಿ. ಕೋಡಿಯ ಕಡೆ ಕಡಲಾಮೆ ಬಂದು ಮೊಟ್ಟೆ ಇಡುವುದೂ ಉಂಟು, ಅಲ್ಲಿ ಜೆಸಿಬಿ ತಂದು ಸಾಪಾಟು ಮಾಡಿದರೆ ಸೇವೆ ಹೋಗಿ ಪಾಪವಾದೀತು. ಕೆಲಸಕ್ಕಿಳಿಯುವ ಮುಂಚೆ ಆ ತೀರದ ಮೀನುಗಾರರ ಹತ್ತಿರ ಒಂದು ಮಾತು ಕೇಳಿದರೆ ಯಾವುದು ಎತ್ತಬೇಕು, ಯಾವುದು ಬಿಡಬೇಕು ಎಂದು ಅವರೇ ಹೇಳುತ್ತಾರೆ.

ಕೊನೆಗೆ ಅಂಗಡಿಯವರ ಮಾತು. ಪ್ಲಾಸ್ಟಿಕ್ ತೊಟ್ಟೆಗೆ ರಾಜ್ಯದಲ್ಲಿ ನಿಷೇಧ ಬಂದದ್ದು 2016ರಲ್ಲಿ. ಸ್ಟ್ರಾ, ಲೋಟ, ತಟ್ಟೆ, ಚಮಚಗಳಿಗೆ ದೇಶಕ್ಕೇ ನಿಷೇಧ 2022ರ ಜುಲೈ 1ರಿಂದ. "ದಂಡ ಹಾಕಲು ನಮ್ಮ ಗೂಡಂಗಡಿಗೆ ಬರ್ತಾರೆ, ಮಾಡುವ ಫ್ಯಾಕ್ಟರಿಗೆ ಯಾರು ಹೋಗ್ತಾರೆ?" ಎಂದು ವ್ಯಾಪಾರಿಗಳು ಕೇಳುವುದು ನ್ಯಾಯವೇ. ಅದಕ್ಕೆ ಉತ್ತರ ಅಧಿಕಾರಿಗಳು ಕೊಡಬೇಕು. ಆದರೆ ಚರುಮುರಿಯನ್ನು ಕಾಗದದ ಪೊಟ್ಟಣದಲ್ಲಿ ಕೊಡಲು ಯಾರ ಆದೇಶವೂ ಬೇಡ. ಬೊಂಡ ಮಾರುವವರು ಸ್ಟ್ರಾ ಇಲ್ಲವೆಂದರೆ ಗಿರಾಕಿ ಎತ್ತಿ ಕುಡಿಯುತ್ತಾನೆ, ಓಡಿಹೋಗುವುದಿಲ್ಲ.

ಬರುವ ಮೇಯಲ್ಲಿ ತೋಡಿಗೆ ಇಳಿಯುವ ಸಂಘ ಯಾವುದಾದರೂ ಇದ್ದರೆ, ಎಲ್ಲಿಂದ ಎಲ್ಲಿಗೆ, ಗಾಡಿ ಎಷ್ಟು ಗಂಟೆಗೆ ಎಂದು ನಾಲ್ಕು ಸಾಲು ಬರೆದು ಈ ಅಂಕಣಕ್ಕೆ ಕಳುಹಿಸಿ. ಫೋಟೋ ಇಲ್ಲದಿದ್ದರೂ ಹಾಕುತ್ತೇವೆ. ಸೋಮವಾರ ಗೋಣಿ ಎತ್ತಿದರೋ ಇಲ್ಲವೋ ನೋಡಲು ನಾವೂ ಬರುತ್ತೇವೆ.